ಒಳ್ಳೆ ಹುಂಜ ಯಾರ ಪಾಲಿಗೆ?

ಇಲ್ಲಿ ಅಮೆರಿಕದ ಒಹಾಯೋ ರಾಜ್ಯದ ಹಳ್ಳಿಗಾಡಿನಲ್ಲಿ ವಯಾಂಡಾಟ್ ಎಂಬ ತಳಿಯ ಕೋಳಿ ಸಾಕುವ ಹಿರಿಯರೊಬ್ಬರು ಹುಂಜ ಮಾರುವಾಗ ಮೊದಲು ಬಾಯಿ ಬಿಟ್ಟದ್ದು ಅದರ ಐಬಿನ ಬಗ್ಗೆ. ಬಾಲ ಒಂದಿಷ್ಟು ಎಡಕ್ಕೆ ವಾಲುತ್ತದೆ, ತೊಡೆಯ ಗರಿಗಳ ಕಪ್ಪು ಅಂಚು ಮಸುಕು, ಇದರ ಜೊತೆ ಹುಟ್ಟಿದ ಹೇಂಟೆಯೊಂದರ ಕೊಕ್ಕು ಕತ್ತರಿಯ ಹಾಗೆ ಹೊರಳಿತ್ತು. ಕೊಳ್ಳಲು ಬಂದವರು ಇನ್ನೂ ಏನೂ ಕೇಳಿರಲಿಲ್ಲ. ಬೆಲೆಯ ಮಾತು ಬಂದದ್ದು ಅದೆಲ್ಲ ಮುಗಿದ ಮೇಲೆ. "ಪಕ್ಕಾ ನಾಟಿ ಅಣ್ಣಾ, ಕಣ್ಮುಚ್ಕೊಂಡು ತಗೊಳ್ಳಿ" ಎಂಬ ಸಂತೆಯ ಮಾತು ಕೇಳಿ ಬೆಳೆದ ಕಿವಿಗೆ ಆ ಪಟ್ಟಿ ಹಿತವಾಗಿ ಚುಚ್ಚಿತು.

ತಂಗಿಯ ಕೊಕ್ಕಿನ ವಿಷಯ ಹುಂಜ ಕೊಳ್ಳುವವರಿಗೆ ಯಾಕೆ ಬೇಕು? ಆ ದೋಷ ಒಂದೇ ಅಡಗಿದ ಗುಣದಿಂದ, ಅಂದರೆ ಎರಡೂ ಕಡೆಯಿಂದ ಬಂದರೆ ಮಾತ್ರ ಹೊರಗೆ ಕಾಣುವ ಗುಣದಿಂದ, ಬಂದದ್ದಾದರೆ ತಂದೆ ತಾಯಿ ಇಬ್ಬರೂ ಅದನ್ನು ಹೊತ್ತಿದ್ದಾರೆ ಎಂದರ್ಥ. ಆಗ ನೋಡಲು ಚೆನ್ನಾಗಿರುವ ಅಣ್ಣನಲ್ಲೂ ಅದು ಅಡಗಿರುವ ಸಾಧ್ಯತೆ ಮೂರರಲ್ಲಿ ಎರಡು. ಪರೀಕ್ಷೆಗೆ ಒಂದು ದಾರಿ ಇದೆ: ಹುಂಜವನ್ನು ಅದರದೇ ಹೆಣ್ಣುಮರಿಗಳ ಜೊತೆ ಬಿಡುವುದು. ಅದು ದೋಷ ಹೊತ್ತಿದ್ದರೆ ಹೆಣ್ಣುಮರಿಗಳಲ್ಲಿ ಅರ್ಧದಷ್ಟಕ್ಕೆ ಅದು ದಾಟಿರುತ್ತದೆ, ಮುಂದಿನ ಸೂಲಿನಲ್ಲಿ ಸರಾಸರಿ ಎಂಟು ಮರಿಗೆ ಒಂದು ಸೊಟ್ಟ ಕೊಕ್ಕು ಕಾಣಿಸಬೇಕು. ಎರಡು ಮೂರು ಹೇಂಟೆ ಸಾಲದು, ಅವು ಅದೃಷ್ಟದಿಂದ ಶುದ್ಧವಾಗಿದ್ದುಬಿಡಬಹುದು. ಹತ್ತು ಹೇಂಟೆ, ಒಂದೊಂದರಿಂದ ಆರು ಮರಿ, ಅರವತ್ತರಲ್ಲಿ ಒಂದೂ ಸೊಟ್ಟ ಇಲ್ಲವೆಂದರೆ ಹುಂಜ ದೋಷ ಹೊತ್ತಿರುವ ಶಂಕೆಯನ್ನು ಬಿಡಬಹುದು. ಹೊತ್ತ ಹುಂಜ ಈ ಪರೀಕ್ಷೆಯಲ್ಲಿ ನುಸುಳಿಕೊಳ್ಳುವುದು ನೂರಕ್ಕೆ ಒಂದು ಸಲವೂ ಕಷ್ಟ.

ಇದಕ್ಕೆಲ್ಲ ಯಾವ ಮರಿ ಯಾರದು ಎಂದು ಗೊತ್ತಿರಬೇಕು. ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ತಾಯಿಯ ನಂಬರು ಬರೆಯುತ್ತಾರೆ. ಇನ್‌ಕ್ಯುಬೇಟರಿನಲ್ಲಿ 18ನೇ ದಿನ ಹೊರಳಿಸುವುದು ನಿಲ್ಲಿಸಿದ ಕೂಡಲೇ ಒಂದೊಂದು ತಾಯಿಯ ಮೊಟ್ಟೆಗಳನ್ನು ಬೇರೆ ಬೇರೆ ಜಾಲರಿ ಬುಟ್ಟಿಗೆ ಹಾಕುತ್ತಾರೆ. ಮರಿ ಒಡೆದು ಒಣಗಿದ ಮೇಲೆ ಕಾಲ್ಬೆರಳುಗಳ ನಡುವಿನ ಪೊರೆಗೆ ಸಣ್ಣ ತೂತು ಹೊಡೆಯುತ್ತಾರೆ. ಒಂದು ಕಾಲಿಗೆ ಎರಡು ಪೊರೆ, ಎರಡು ಕಾಲಿಗೆ ನಾಲ್ಕು. ತೂತು ಇದೆ, ಇಲ್ಲ ಎಂಬುದರಿಂದಲೇ ಹದಿನಾರು ಗುರುತು ಆಗುತ್ತವೆ. ಕತ್ತರಿಸಿದ ಚೂರು ಪೂರಾ ಉದುರಬೇಕು, ಅಂಟಿಕೊಂಡು ಉಳಿದರೆ ಪೊರೆ ಮತ್ತೆ ಬೆಸೆದುಕೊಂಡು ಗುರುತೇ ಮಾಯ. ಗುಂಪಿನ ಹುಂಜ ಬದಲಿಸಿದಾಗಲೂ ಮೂರು ವಾರ ಕಾಯುತ್ತಾರೆ, ಹಳೆಯ ಹುಂಜದ ವೀರ್ಯ ಹೇಂಟೆಯ ಮೈಯಲ್ಲಿ ಎರಡು ಮೂರು ವಾರ ಜೀವಂತ ಇರುತ್ತದೆ. ಅಷ್ಟರೊಳಗಿನ ಮೊಟ್ಟೆ ಆಮ್ಲೆಟ್ಟಿಗೆ.

ವಯಾಂಡಾಟ್ ಕಥೆ ಇನ್ನೂ ಸ್ವಾರಸ್ಯದ್ದು. ಬೆಳ್ಳಿ ಗರಿಗೆ ಕಪ್ಪು ಅಂಚಿನ ಈ ತಳಿ 1883ರಲ್ಲೇ ಅಮೆರಿಕದ ಕೋಳಿ ಸಂಘದ ಅಧಿಕೃತ ಪಟ್ಟಿಗೆ ಸೇರಿತು. ತಲೆಗೆ ಅಂಟಿದಂತೆ ಚಪ್ಪಟೆಯಾದ ರೋಸ್ ಜುಟ್ಟು ಅದರ ಲಕ್ಷಣ. ಆದರೆ ಆ ಜುಟ್ಟಿನ ಗುಣವನ್ನು ತಂದೆಯಿಂದಲೂ ತಾಯಿಯಿಂದಲೂ ಪಡೆದ ಹುಂಜದ ವೀರ್ಯ ದುರ್ಬಲ, ಮೊಟ್ಟೆಯಲ್ಲಿ ಮರಿ ಕಟ್ಟುವುದು ಕಡಿಮೆ. ಹೇಂಟೆಗೆ ಆ ತೊಂದರೆ ಇಲ್ಲ. ಆ ಗುಣ ಒಂದೇ ಪಾಲು ಇದ್ದ ಹುಂಜ ನೋಡಲು ಅಷ್ಟೇ ಚೆನ್ನ, ಅದರಿಂದ ಮೊಟ್ಟೆಯಲ್ಲಿ ಮರಿಯೂ ಚೆನ್ನಾಗಿ ಕಟ್ಟುತ್ತದೆ, ಆದರೆ ಅಂಥವುಗಳ ಮರಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಗರಗಸದ ಹಲ್ಲಿನ ಒಂಟಿ ಜುಟ್ಟು ಏಳುತ್ತದೆ. ಪ್ರದರ್ಶನದಲ್ಲಿ ಒಂಟಿ ಜುಟ್ಟಿನ ವಯಾಂಡಾಟ್ ನೇರ ಅನರ್ಹ. ಹಾಗೆಂದು ತಿಳಿದವರು ಅದನ್ನು ಕೊಯ್ಯುವುದಿಲ್ಲ. ಮೈಕಟ್ಟು, ಗರಿಯ ಅಂಚು ಚೆನ್ನಾಗಿರುವ ಒಂಟಿ ಜುಟ್ಟಿನ ಹೇಂಟೆಯನ್ನು ಬೇರೆ ಗೂಡಿನಲ್ಲಿ ಉಳಿಸಿಕೊಳ್ಳುತ್ತಾರೆ. ಅದರ ಹೊಟ್ಟೆಯಲ್ಲಿ ಹುಟ್ಟಿದ ರೋಸ್ ಜುಟ್ಟಿನ ಗಂಡುಮರಿಗೆ ಆ ಗುಣ ಒಂದೇ ಪಾಲು ಬಂದಿರಲೇಬೇಕು, ಬೇರೆ ಪರೀಕ್ಷೆ ಬೇಕಿಲ್ಲ. ಮುಂದಿನ ವರ್ಷದ ಹುಂಜ ಅದೇ. ಹೆಸರಿಟ್ಟು ಬರೆದಿಟ್ಟ ದೋಷ ಹೀಗೆ ತಳಿಯನ್ನೇ ಕಾಯುತ್ತದೆ.

ಕಂಡದ್ದೆಲ್ಲ ಹುಟ್ಟುದೋಷ ಅಲ್ಲ ಎಂಬ ವಿವೇಚನೆಯೂ ಇದರ ಭಾಗವೇ. ಮರಿಯ ಕಾಲು ಎರಡೂ ಕಡೆಗೆ ಜಾರಿ ಹರಡಿದರೆ ಮೊದಲು ನೋಡಬೇಕಾದದ್ದು ಕೆಳಗೆ ಹಾಸಿದ ನುಣುಪಾದ ನ್ಯೂಸ್‌ಪೇಪರು. ಒರಟು ಬಟ್ಟೆಯೋ ಮರದ ಹೊಟ್ಟೋ ಹಾಕಿದರೆ ಮುಂದಿನ ಸೂಲಿಗೆ ಆ ತೊಂದರೆ ಇರುವುದಿಲ್ಲ. ಬೆರಳು ಒಳಕ್ಕೆ ಮುಷ್ಟಿ ಕಟ್ಟಿದರೆ ಆಹಾರದಲ್ಲಿ ಬಿ2 ಜೀವಸತ್ವದ ಕೊರತೆ ಇರಬಹುದು. ಇನ್‌ಕ್ಯುಬೇಟರು 37.5 ಡಿಗ್ರಿ ಮೀರಿ ಬಿಸಿಯಾಗಿದ್ದರೂ ಬೆರಳು ಸೊಟ್ಟಗಾಗುತ್ತದೆ. ಆದರೆ ಹಿಂಬೆರಳು ಮುಂದಕ್ಕೆ ತಿರುಗಿದ್ದು, ಜುಟ್ಟಿನ ಪಕ್ಕದಲ್ಲಿ ಮತ್ತೊಂದು ಹಲ್ಲು ಚಿಗುರಿದ್ದು, ಬೋಳು ಕಾಲಿನ ತಳಿಯಲ್ಲಿ ಬೆರಳ ಸಂದಿಗೆ ಗರಿಯ ಮೊಳಕೆ ಕಂಡದ್ದು ರಕ್ತದಿಂದ ಬಂದವು. ಒಂದೇ ಹೇಂಟೆಯ ಎರಡು ಮರಿಗಳಲ್ಲಿ ಕಂಡರೆ ಆ ಹೇಂಟೆ ಗುಂಪಿನಿಂದ ಹೊರಕ್ಕೆ. ಅರವತ್ತು ಮರಿಯಲ್ಲಿ ಕೊನೆಗೆ ಉಳಿಯುವುದು ಎರಡು ಹುಂಜ, ಐದಾರು ಹೇಂಟೆ. ಮಿಕ್ಕಿದ್ದು ಸಾರಿಗೆ, ಇಲ್ಲವೇ "ಮೊಟ್ಟೆಗೆ ಮಾತ್ರ, ತಳಿಗೆ ಬೇಡ" ಎಂದು ಹೇಳಿ ಮಾರಾಟಕ್ಕೆ.

ನಮ್ಮಲ್ಲಿ ನಡೆಯುವುದು ಇದರ ತಿರುಗುಮುರುಗು, ಹೇಳಲು ಸಂಕಟವಾಗುತ್ತದೆ. ಹಿತ್ತಲಲ್ಲಿ ಬೇಗ ಬೆಳೆದು ಎದೆ ತುಂಬಿ ನಿಂತ ಹುಂಜ ಯಾವುದೋ ಅದೇ ಮಾರಿಹಬ್ಬದ ಹರಕೆಗೆ. ಅದು ತಪ್ಪಿದರೆ ಹೊಸತೊಡಕಿಗೆ, ಅದೂ ತಪ್ಪಿದರೆ ಅಳಿಯ ಬಂದ ದಿನಕ್ಕೆ. ಸಂತೆಯವನು ಕೈಗೆತ್ತಿ ತೂಗಿ ಒಳ್ಳೆ ಬೆಲೆ ಕೊಡುವುದೂ ಅದಕ್ಕೇ. ಯಾರಿಗೂ ಬೇಡವಾಗಿ ಉಳಿದ ಬಡಕಲು ಹುಂಜ ಇಡೀ ಕೇರಿಯ ಮರಿಗಳಿಗೆ ಅಪ್ಪನಾಗುತ್ತದೆ. ತಲೆಮಾರುಗಳಿಂದ ಅತ್ಯುತ್ತಮವಾದದ್ದನ್ನು ಹುಡುಕಿ ಹುಡುಕಿ ತಿಂದು, "ನಾಟಿ ಕೋಳಿ ಬೆಳೆಯೋದೇ ಇಲ್ಲ" ಅನ್ನುತ್ತೇವೆ. ಆಮೇಲೆ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಗಿರಿರಾಜ ತಂದು ನಾಟಿಯ ಜೊತೆ ಬಿಡುತ್ತೇವೆ. ಗಿರಿರಾಜ ಅದರ ಕೆಲಸಕ್ಕೆ ಒಳ್ಳೆಯ ಕೋಳಿಯೇ. ಆದರೆ ಅದು ಮಿಶ್ರತಳಿ, ಮನೆಯಲ್ಲೇ ಮರಿ ಮಾಡಿಸಿದರೆ ಅಪ್ಪ ಅಮ್ಮನ ಹಾಗೆ ಬರುವುದಿಲ್ಲ. ಆ ಮಿಶ್ರ ಮರಿಯನ್ನೇ ಪಕ್ಕಾ ನಾಟಿ ಎಂದು ಮಾರಿದಾಗ ಕೊಂಡವರಿಗೆ ಆಗುವ ನಷ್ಟಕ್ಕಿಂತ ದೊಡ್ಡದು ನಾಟಿ ಎಂಬ ಹೆಸರಿಗೇ ಆಗುವ ನಷ್ಟ. ನಾಲ್ಕನೇ ತಿಂಗಳಲ್ಲಿ ಒಳ್ಳೆಯ ಎರಡು ಹುಂಜದ ಕಾಲಿಗೆ ಬಣ್ಣದ ದಾರ ಕಟ್ಟಿ "ಇವು ಹಬ್ಬಕ್ಕಲ್ಲ" ಎಂದರೆ ಸಾಕು. ಅಕ್ಕಪಕ್ಕದ ಮೂರು ಮನೆಯವರು ಹೇಂಟೆಗಳನ್ನು ತಮ್ಮಲ್ಲೇ ಇಟ್ಟುಕೊಂಡು ವರ್ಷಕ್ಕೊಮ್ಮೆ ಎಳೆ ಹುಂಜವನ್ನು ಮಾತ್ರ ಮುಂದಿನ ಮನೆಗೆ ದಾಟಿಸುತ್ತ ಹೋದರೆ ಹತ್ತಿರದ ರಕ್ತ ಕೂಡುವ ತೊಂದರೆಯೂ ವರ್ಷಗಟ್ಟಲೆ ದೂರ. ಖರ್ಚು ಏನೂ ಇಲ್ಲ.

ಹೀಗೆ ಆರಿಸಿದ ಹುಂಜವನ್ನು ಇಲ್ಲಿ ಕಾಯುವುದು ರಕೂನ್ ಎಂಬ ಕಾಡುಪ್ರಾಣಿಯಿಂದ. ಬೆಕ್ಕಿಗಿಂತ ದಪ್ಪ, ಕೈ ತುಂಬ ಚುರುಕು. ಆರು ಮೂಲೆಯ ಕೋಳಿ ಜಾಲರಿಯೊಳಗೆ ಕೈ ತೂರಿಸಿ ಮಲಗಿದ ಹಕ್ಕಿಯ ತಲೆ ಎಳೆಯುತ್ತದೆ, ಬರೀ ಕೊಂಡಿ ಹಾಕಿದ ಬಾಗಿಲು ತೆಗೆಯುತ್ತದೆ. ಅದಕ್ಕೇ ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ, ಅದನ್ನು ಬಿಗಿಯಲು ವಾಷರ್ ಹಾಕಿದ ಸ್ಕ್ರೂ, ಎರಡು ಚಲನೆಯಿಂದ ಮಾತ್ರ ತೆರೆಯುವ ಚಿಲಕ. ಗೋಡೆಯ ಬುಡದಲ್ಲಿ ಅದೇ ಜಾಲರಿಯನ್ನು ಹೊರಕ್ಕೆ ಒಂದೂವರೆ ಅಡಿ ನೆಲಕ್ಕೆ ಹಾಸಿ ಮಣ್ಣು ಮುಚ್ಚುತ್ತಾರೆ. ಅಗೆಯುವ ನರಿ ಗೋಡೆಯ ಬುಡಕ್ಕೇ ಬಂದು ಕೆರೆಯುತ್ತದೆ, ಅಲ್ಲಿ ಜಾಲರಿ ಕಾಲಿಗೆ ಸಿಗುತ್ತದೆ, ಹಿಂದಕ್ಕೆ ಸರಿದು ಅಗೆಯಲು ಅದಕ್ಕೆ ತೋಚುವುದಿಲ್ಲ. ಒಂದು ಇಂಚಿನ ಸಂದಿ ಬಿಟ್ಟರೆ ವೀಸಲ್ ಎಂಬ ಮುಂಗುಸಿಯಂಥ ಸಣ್ಣ ಬೇಟೆಪ್ರಾಣಿ ನುಗ್ಗಿ ಕುತ್ತಿಗೆ ಕಚ್ಚಿ ಇಡೀ ಗುಂಪನ್ನು ಕೊಂದು ರಾಶಿ ಹಾಕುತ್ತದೆ. ಗಿಡುಗವನ್ನು ಮುಟ್ಟುವಂತಿಲ್ಲ, 1918ರ ವಲಸೆ ಹಕ್ಕಿ ಕಾನೂನು ಕಾಯುತ್ತದೆ, ಹಾಗಾಗಿ ಮೇಲೊಂದು ಬಲೆ. ಇಷ್ಟು ಮಾಡಿಯೂ ಬುದ್ಧಿವಂತರು ಆರಿಸಿದ ಹುಂಜದ ತಮ್ಮನನ್ನು ಬೇರೆ ಊರಿನ ಗೆಳೆಯರ ಗೂಡಿನಲ್ಲಿ ಇಟ್ಟಿರುತ್ತಾರೆ. ಒಂದು ರಾತ್ರಿ ಚಿಲಕ ಮರೆತರೆ ಹತ್ತು ವರ್ಷದ ಕೆಲಸ ಹೋಗುತ್ತದೆ.

ಒಂದು ಮಾತು ಒಪ್ಪಿಕೊಳ್ಳಬೇಕು, ಇಷ್ಟು ಹೊತ್ತು ಮುಂದೂಡಿದ್ದೆ. ಜಾಲರಿ ಇಲ್ಲದೆ ಈ ಚೆಂದದ ಹಕ್ಕಿಗಳು ಒಂದು ವಾರ ಉಳಿಯುವುದು ಕಷ್ಟ. ಮೂರೂಮುಕ್ಕಾಲು ಕಿಲೋ ದಾಟಿದ ವಯಾಂಡಾಟ್ ಹುಂಜ ಮರ ಹತ್ತಿ ಮಲಗುವ ಹಕ್ಕಿಯಲ್ಲ. ಗರಿಯ ಅಂಚು, ಜುಟ್ಟಿನ ಆಕಾರ ನೋಡಿ ನೋಡಿ ಆರಿಸಿದವರು ಎಚ್ಚರವನ್ನು ಆರಿಸಲಿಲ್ಲ. ನಮ್ಮ ನಾಟಿ ಹೇಂಟೆಗೆ ಆರಿಸಿದವರು ಬೇರೆ: ಮುಂಗುಸಿ, ಗಿಡುಗ, ಕಾಡುಬೆಕ್ಕು, ಕೇರೆ ಹಾವು. ಮಂಕರಿಗೆ ಹುಲ್ಲು ಹಾಸಿ, ಒಂದು ಇದ್ದಿಲು, ಎರಡು ಒಣಮೆಣಸಿನಕಾಯಿ ಇಟ್ಟು ಹನ್ನೆರಡು ಮೊಟ್ಟೆ ಕೊಟ್ಟರೆ ಇಪ್ಪತ್ತೊಂದು ದಿನ ಕದಲದೆ ಕೂರುತ್ತದೆ. ಥರ್ಮಾಮೀಟರು ಇಲ್ಲ, ಕರೆಂಟು ಹೋದರೆ ಚಿಂತೆ ಇಲ್ಲ. ಹದ್ದಿನ ನೆರಳು ಬಿದ್ದ ಕ್ಷಣ ಅದು ಎಳೆದು ಕೂಗುವ ಕೂಗಿಗೆ ಪಿಳ್ಳೆಗಳು ಲಂಟಾನದ ಬುಡದಲ್ಲಿ ಕಲ್ಲಾಗುತ್ತವೆ. ಮುಂಗುಸಿ ಬಂದರೆ ರೆಕ್ಕೆ ಹರಡಿ ಎದುರು ನಿಲ್ಲುತ್ತದೆ. ಹನ್ನೆರಡರಲ್ಲಿ ಐದು ಉಳಿಸಿದ ತಾಯಿಯ ಮರಿಗಳೇ ಮುಂದೆ ಮೊಟ್ಟೆ ಇಡುವುದು, ಒಂದನ್ನೂ ಉಳಿಸದ ತಾಯಿಯ ಗುಣ ಅಲ್ಲಿಗೇ ಮುಗಿಯುತ್ತದೆ. ಅದೂ ಆಯ್ಕೆಯೇ, ಪುಸ್ತಕದಲ್ಲಿ ಬರೆದಿಲ್ಲ ಅಷ್ಟೆ.

ಲೆಕ್ಕ ಇಡುವುದೂ ನಮಗೆ ಬಾರದ ವಿದ್ಯೆ ಅಲ್ಲ. ತುಳುನಾಡಿನಲ್ಲಿ ಹುಂಜದ ಬಣ್ಣ ನೋಡಿ ಬೊಳ್ಳೆ, ಕೆಮ್ಮೈರೆ, ಕಕ್ಕೆ ಎಂದು ಹೆಸರಿಟ್ಟು, ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆ ಎಂದು ಹೇಳುವ ಕುಕ್ಕುಟ ಪಂಚಾಂಗದ ವರೆಗೂ ಹೋದವರಿದ್ದಾರೆ. ಕೋಳಿ ಅಂಕದ ಜೂಜು ಕಾನೂನಿಗೆ ವಿರುದ್ಧ, ನನಗೂ ಬೇಡ. ಆ ಕಣ್ಣು ಬೇಕು. ಹನ್ನೆರಡರಲ್ಲಿ ಒಂಬತ್ತು ಉಳಿಸಿದ ಹೇಂಟೆ ಯಾವುದು ಎಂದು ಕೇರಿಯ ಅಜ್ಜಿಯರಿಗೆ ಈಗಲೂ ಬಾಯಲ್ಲಿದೆ. ಈ ಯುಗಾದಿಗೆ ಮುಂಚೆ ಯಾರಾದರೂ ಅವರನ್ನು ಕೇಳಿ, ಅದರ ಗಂಡುಮರಿಯ ಕಾಲಿಗೆ ದಾರ ಕಟ್ಟಲಿ.