ಯುಗಾದಿ ಹೊತ್ತಿನ ಹಿತ್ತಲಿಗೆ ವಿಷ ಹೊಡೆಯಬೇಡಿ

ಹೋಳಿ ಮುಗಿದು ಶರಣಬಸವೇಶ್ವರರ ಜಾತ್ರೆ ಬರುವಷ್ಟರಲ್ಲಿ ಕಲಬುರಗಿ ಸುತ್ತಲಿನ ಹೊಲಗಳು ಬೋಳಾಗಿರುತ್ತವೆ. ತೊಗರಿ, ಕಡಲೆ, ಜೋಳ ಎಲ್ಲ ರಾಶಿಯಾಗಿ ಮನೆ ಸೇರಿರುತ್ತವೆ. ಹಸಿರು ಅಂತ ಉಳಿಯುವುದು ಬೇವಿನ ಚಿಗುರು, ಇಲ್ಲವೇ ನೀರು ಕಾಣುವ ಹಿತ್ತಲು. ಹಾಗಾಗಿ ಹುಳ, ಹಕ್ಕಿ, ಓತಿಕ್ಯಾತ ಎಲ್ಲವೂ ಅಲ್ಲಿಗೇ ಬರುತ್ತವೆ. ಇಂಥ ಹೊತ್ತಿನಲ್ಲಿ ಬೆಂಡೆ ಎಲೆ ಮುದುಡಿತೆಂದು ಅಂಗಡಿಯ ಔಷಧ ತಂದು ಹೊಡೆಯುವುದಕ್ಕೆ ನನ್ನ ಪೂರ್ತಿ ವಿರೋಧವಿದೆ. ಗಿಡದ ರಸ ಹೀರುವ ಹೇನು ಬಹಳ ಬೇಗ ಮತ್ತೆ ತುಂಬಿಕೊಳ್ಳುತ್ತದೆ. ಹೇನು ತಿನ್ನುವ ಹುಳ ಅಷ್ಟು ಬೇಗ ಮರಳುವುದಿಲ್ಲ.

ಅಲಸಂದಿ ಕುಡಿಯಲ್ಲಿ ಕರಿಹೇನು ಕಂಡರೆ ಮೊದಲು ಎಲೆ ಮಗುಚಿ ನೋಡಿ. ಅಕ್ಕಿಕಾಳಿನಷ್ಟುದ್ದ, ಕಪ್ಪು ಮೈಮೇಲೆ ಕಿತ್ತಳೆ ಚುಕ್ಕೆ, ಪುಟ್ಟ ಮೊಸಳೆಯಂಥ ಹುಳ ಓಡಾಡುತ್ತಿರಬಹುದು. ಬಹಳ ಜನ ಇದನ್ನೇ ಪೀಡೆ ಎಂದು ಹೊಸಕಿಬಿಡುತ್ತಾರೆ. ಅದು ಗುಲಗಂಜಿ ಹುಳದ ಮರಿ, ದಿನಕ್ಕೆ ಹತ್ತಾರು ಹೇನು ತಿನ್ನುತ್ತದೆ. ಅದಿರುವ ಗಿಡಕ್ಕೆ ಬೇವಿನ ಕಷಾಯವನ್ನೂ ಹೊಡೆಯಬೇಡಿ.

ಹೊಡೆಯಲೇಬೇಕು ಅನ್ನುವ ಗಿಡಕ್ಕೆ ಅರ್ಧ ಕೆಜಿ ಬೇವಿನ ಬೀಜದ ತಿರುಳು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಮರುದಿನ ಹಿಂಡಿ, ಸೋಸಿ, 10 ಗ್ರಾಂ ಸಾಬೂನಿನ ಪುಡಿ ಕಲಸಿ ಅಂದೇ ಮುಗಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ, ಕಷಾಯದ ಸತ್ವವೂ ಹೋಗುತ್ತದೆ. ಹೊತ್ತಿಳಿದ ಮೇಲೆ ಎಲೆಯ ಅಡಿಭಾಗಕ್ಕೆ ಬೀಳಬೇಕು. ಹೀರೆ ಹೂ ಅರಳುವುದೇ ಸಂಜೆ, ಹೂವಿಗೆ ತಾಗಿಸಬೇಡಿ. ಬೆಂಡೆಯ ನರ ಹಳದಿಯಾಗಿದ್ದರೆ ಮಾತ್ರ ಯಾವ ಕಷಾಯವೂ ನಾಟುವುದಿಲ್ಲ. ಬಿಳಿನೊಣ ತಂದ ನಂಜುರೋಗ ಅದು, ಗಿಡ ಕಿತ್ತುಹಾಕಿ.

ಕುಂಬಳದ ಹೂ ನಸುಕಿಗೆ ಅರಳಿ ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ. ಅಷ್ಟರೊಳಗೆ ಜೇನುಹುಳ ಬರದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಗೊಬ್ಬರ ಸಾಲದೆಂದು ಯೂರಿಯಾ ಸುರಿದರೆ ಬಳ್ಳಿ ಸೊಕ್ಕುತ್ತದೆ, ಕಾಯಿ ನಿಲ್ಲುವುದಿಲ್ಲ. ಜೇನು ಕಡಿಮೆಯಿದ್ದರೆ ಗಂಡುಹೂ ಕಿತ್ತು, ಎಸಳು ಬಿಡಿಸಿ, ಹೆಣ್ಣುಹೂವಿನ ನಡುವೆ ಮೆಲ್ಲಗೆ ಸವರಿ.

ಕರಿಮಣ್ಣು ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ತೊಗರಿ ಹೊಟ್ಟನ್ನು ನಾಲ್ಕು ಬೆರಳು ದಪ್ಪ ಹರಡಿ, ಬುಡಕ್ಕೆ ತಾಗದಂತೆ. ಆ ತಂಪಿಗೆ ಕಪ್ಪೆ ಬರುತ್ತದೆ, ಇಲಿಯೂ ಬರುತ್ತದೆ, ಇಲಿಯ ಹಿಂದೆ ಹಾವು. ಕೇರೆಹಾವಿಗೆ ವಿಷವಿಲ್ಲ, ದಯವಿಟ್ಟು ಹೊಡೆಯಬೇಡಿ. ನಾಗರ, ಕೊಳಕುಮಂಡಲವೂ ನಮ್ಮ ಕಡೆ ಇವೆ. ಹೊಟ್ಟಿನೊಳಗೆ ಬರಿಗೈ ಹಾಕದೆ ಕೋಲಿನಿಂದ ಸರಿಸಿ, ಕತ್ತಲಾದ ಮೇಲೆ ಬ್ಯಾಟರಿ ಇಲ್ಲದೆ ಹೋಗಬೇಡಿ.

ಗಿಳಿ, ಪಿಕಳಾರ ಎಳೆಕಾಯಿ ಕುಕ್ಕುವುದಕ್ಕೆ ಹಸಿವಿನಷ್ಟೇ ಬಾಯಾರಿಕೆಯೂ ಕಾರಣ. ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಎರಡು ಇಂಚು ನೀರು ಹಾಕಿ ನೆರಳಲ್ಲಿಡಿ. ನಡುವೆ ಕಲ್ಲು ಇರಲಿ, ಇಲ್ಲದಿದ್ದರೆ ಜೇನುಹುಳ ಮುಳುಗಿ ಸಾಯುತ್ತವೆ. ನೀರು ದಿನಾ ಬದಲಿಸಿ, ಸೊಳ್ಳೆ ಮರಿಯಾಗುವುದಿಲ್ಲ. ಬೆಕ್ಕು ಅಡಗುವ ಪೊದೆಯಿಂದ ದೂರವಿರಲಿ.

ಮಂಗನಿಗೆ ಬಲೆಯೇ ಗತಿ. ಆದರೆ ತೆಳು ನೈಲಾನ್ ಬಲೆ ಸಡಿಲವಾಗಿ ನೆಲಕ್ಕೆ ಬಿದ್ದಿದ್ದರೆ ಕೇರೆಹಾವು, ಓತಿಕ್ಯಾತ ಸಿಕ್ಕಿ ಬಿಸಿಲಿಗೆ ಸಾಯುತ್ತವೆ. ತೊಗರಿ ಕಟ್ಟಿಗೆಯ ತಟ್ಟಿ ಕಟ್ಟಿ, ಅದರ ಮೇಲೆ ಬಲೆ ಬಿಗಿದು, ಅಂಚು ನೆಲದಿಂದ ಒಂದು ಗೇಣು ಮೇಲಿರುವಂತೆ ನೋಡಿಕೊಳ್ಳಿ. ಬಳ್ಳಿ ಕಿತ್ತ ಮೇಲೆ ಬಲೆಯನ್ನು ಸುತ್ತಿ ಒಳಗಿಡಿ.