ಏಳು ಗಂಟೆಯ ಮದ್ರಸಾ

ಕೇರಳದ ಕೋಯಿಕ್ಕೋಡ್‌ಗೆ ಬಂದು ಎಂಟು ವರ್ಷವಾಯಿತು. ಬೆಳಿಗ್ಗೆ ಏಳಕ್ಕೆಲ್ಲ ನಮ್ಮ ಬೀದಿಯ ಮಕ್ಕಳು ಮದ್ರಸಾಕ್ಕೆ ಹೊರಡುತ್ತಾರೆ. ಒಂಬತ್ತಕ್ಕೆ ಓಡಿಬಂದು, ತಿಂಡಿ ತಿಂದು, ಯೂನಿಫಾರ್ಮ್ ಹಾಕಿಕೊಂಡು ಸರ್ಕಾರಿ ಶಾಲೆಗೆ ಹೋಗುತ್ತಾರೆ. ನನ್ನ ಮಗಳು ಶಾಲೆಯಲ್ಲೂ ಐದನೇ ಕ್ಲಾಸು, ಮದ್ರಸಾದಲ್ಲೂ ಐದನೇ ಕ್ಲಾಸು. ಅಲ್ಲಿ ಈ ವರ್ಷ ಅವಳಿಗೆ ಪಬ್ಲಿಕ್ ಪರೀಕ್ಷೆ.

ನಾನು ಬೆಳೆದದ್ದು ಹಾವೇರಿ ಕಡೆಯ ಹಳ್ಳಿಯಲ್ಲಿ. ಅಲ್ಲಿ ಸಂಜೆ ಮಸೀದಿಯಲ್ಲಿ ಕಾಯಿದಾ (ಅರಬ್ಬಿ ಅಕ್ಷರ ಕಲಿಸುವ ಪುಸ್ತಕ), ಸಿಪಾರಾ (ಕುರಾನಿನ ಭಾಗಗಳು) ಓದಿಸುತ್ತಿದ್ದರು. ಓದಿಸುವ ಹಜ್ರತ್ ಊರು ಬಿಟ್ಟರೆ ಓದೂ ನಿಲ್ಲುತ್ತಿತ್ತು. ಮಗ ದೀನ್, ಅಂದರೆ ಧರ್ಮ, ಸರಿಯಾಗಿ ಕಲಿಯಲಿ ಎಂದರೆ ದೂರದ ವಸತಿ ಮದ್ರಸಾಕ್ಕೆ ಕಳಿಸಬೇಕಿತ್ತು. ಅಬ್ಬಾ, ಅಂದರೆ ಅಪ್ಪ, ನಮ್ಮಣ್ಣನನ್ನು ಒಂಬತ್ತನೇ ವಯಸ್ಸಿಗೆ ಕಳಿಸಿದರು. ಅವನು ಕುರಾನ್ ಪೂರ್ತಿ ಬಾಯಿಪಾಠ ಮಾಡಿ ಹಾಫಿಜ್ ಆದ. ರಂಜಾನ್ ರಾತ್ರಿಗಳ ವಿಶೇಷ ನಮಾಜಾದ ತರಾವೀಹ್‌ನಲ್ಲಿ ಅವನು ಓದುವುದನ್ನು ಕೇಳಿದರೆ ಇವತ್ತಿಗೂ ನನ್ನ ಕಣ್ಣು ತುಂಬುತ್ತದೆ. ಆದರೆ ಇಪ್ಪತ್ತನೇ ವಯಸ್ಸಲ್ಲಿ ಎಸ್ಸೆಸ್ಸೆಲ್ಸಿಗೆ ಕೂತಾಗ ಅವನಿಗೆ ಭಾಗಾಕಾರದಿಂದ ಹೇಳಿಕೊಡಬೇಕಾಯಿತು. ಹೇಳಿಕೊಟ್ಟವಳು ನಾನು, ಅವನಿಗಿಂತ ನಾಲ್ಕು ವರ್ಷ ಚಿಕ್ಕವಳು. ಅವನ ಮುಖ ನೋಡೋಕೆ ಆಗುತ್ತಿರಲಿಲ್ಲ.

ಮುಸ್ಲಿಮರೆಲ್ಲ ಮಕ್ಕಳನ್ನು ಮದ್ರಸಾಕ್ಕೇ ಹಾಕುತ್ತಾರೆ ಎಂದು ತುಂಬಾ ಜನ ತಿಳಿದಿದ್ದಾರೆ. ಅದು ತಪ್ಪು. ಇಡೀ ದಿನ ಮದ್ರಸಾದಲ್ಲೇ ಓದುವ ಮಕ್ಕಳು ಶೇಕಡಾ 4ರಷ್ಟೇ ಎಂದು ಮುಸ್ಲಿಮರ ಸ್ಥಿತಿಗತಿ ನೋಡಲು ಕೇಂದ್ರ ಸರ್ಕಾರ ನೇಮಿಸಿದ್ದ ಸಾಚಾರ್ ಸಮಿತಿ 2006ರಲ್ಲೇ ಹೇಳಿದೆ. ಉಳಿದ ತಾಯ್ತಂದೆಯರ ಚಿಂತೆಯೇ ಬೇರೆ. ಶಾಲೆಗೇನೋ ಕಳಿಸಿದ್ದೇವೆ, ದೀನ್ ಕಲಿಸುವುದು ಯಾವಾಗ?

ಕೇರಳದವರು ಇದಕ್ಕೆ ಗಡಿಯಾರದಲ್ಲೇ ಜಾಗ ಮಾಡಿದರು. ಅಲ್ಲಿನ ಸುನ್ನಿ ಧಾರ್ಮಿಕ ವಿದ್ವಾಂಸರ ‘ಸಮಸ್ತ’ ಸಂಘಟನೆ 1951ರಲ್ಲಿ ಮದ್ರಸಾಗಳಿಗಾಗಿ ಶಿಕ್ಷಣ ಮಂಡಳಿ ಕಟ್ಟಿತು. ಎಲ್ಲ ಕಡೆ ಒಂದೇ ಪಠ್ಯ. ಐದು, ಏಳು, ಹತ್ತು, ಹನ್ನೆರಡಕ್ಕೆ ಪಬ್ಲಿಕ್ ಪರೀಕ್ಷೆ. ಈಗ ಹತ್ತು ಸಾವಿರಕ್ಕೂ ಜಾಸ್ತಿ ಮದ್ರಸಾಗಳು ಇದರಡಿ ನಡೆಯುತ್ತಿವೆ. ಮಂಗಳೂರು, ಪುತ್ತೂರಿನ ಬ್ಯಾರಿ ಮನೆಗಳಿಗೆ ಇದು ಹೊಸದೇನಲ್ಲ. ಘಟ್ಟ ಹತ್ತಿದರೆ ಮಾತ್ರ ಕಾಣುವುದು ಅಪರೂಪ.

ಇಲ್ಲೂ ಕಷ್ಟ ಇದೆ. ಮಗಳು ಆರಕ್ಕೇ ಏಳಬೇಕು. ಮಳೆಗಾಲದಲ್ಲಿ ಎಬ್ಬಿಸುವಾಗ ನನಗೇ ಸಂಕಟವಾಗುತ್ತದೆ. 2025ರಲ್ಲಿ ಸರ್ಕಾರ ಹೈಸ್ಕೂಲಿನ ಸಮಯವನ್ನು ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಎಂದು ಒಟ್ಟು ಅರ್ಧ ಗಂಟೆ ಹೆಚ್ಚಿಸಿದಾಗ ಮದ್ರಸಾಕ್ಕೆ ತೊಂದರೆ ಎಂದು ದೊಡ್ಡ ಗಲಾಟೆಯಾಯಿತು. ಬೆಳಗಿನಲ್ಲಿ ಹೋಗುವುದು ಹದಿನೈದು ನಿಮಿಷ, ಅಷ್ಟಕ್ಕೇಕೆ ಎಂದು ಹಲವರು ಕೇಳಿದರು. ಆ ಹದಿನೈದು ನಿಮಿಷದಲ್ಲೇ ಮಗು ಮನೆಗೆ ಬಂದು ತಿಂಡಿ ತಿನ್ನಬೇಕು, ಅಲ್ವಾ? ಆದರೂ ಮಗಳು ಅರಬ್ಬಿಯ ಮೊದಲ ಅಕ್ಷರ ಅಲಿಫ್ ಬಿಟ್ಟು ಗಣಿತವನ್ನೋ, ಗಣಿತ ಬಿಟ್ಟು ಅಲಿಫನ್ನೋ ಆರಿಸಬೇಕಿಲ್ಲ. ಅಬ್ಬಾನಿಗೆ ಈ ದಾರಿ ಸಿಕ್ಕಿದ್ದರೆ ಅಣ್ಣನನ್ನು ದೂರ ಕಳಿಸುತ್ತಲೇ ಇರಲಿಲ್ಲ.

ನಮ್ಮೂರ ಶಾಲೆಯೂ ಶುರುವಾಗುವುದು ಹತ್ತಕ್ಕೆ. ಏಳರಿಂದ ಒಂಬತ್ತು ಮಸೀದಿ ಖಾಲಿ. ನಾನೇ ಓದಿಸುತ್ತೇನೆ, ಹುಡುಗಿಯರನ್ನೂ ಕಳಿಸಿ ಎಂದು ಅಣ್ಣ ಮಸೀದಿ ನೋಡಿಕೊಳ್ಳುವ ಜಮಾತಿನವರಿಗೆ ಹೇಳಿದ್ದಾನೆ. ರಂಜಾನ್ ಮುಗಿಯಲಿ, ಕೂತು ಮಾತಾಡೋಣ ಎಂದಿದ್ದಾರಂತೆ.