ಕಾಲು ಕಿಲೋ ಟೋಪಿ

ಸೈಕಲ್ ಸವಾರರ ಸುರಕ್ಷತೆಗೆ ಹೆಲ್ಮೆಟ್ ಕಡ್ಡಾಯ ಮಾಡಬೇಕೇ ಬೇಡವೇ ಎಂದು ನಡೆದ ಸಭೆಯೊಂದಕ್ಕೆ ಹೋಗಿದ್ದೆ. ಬಂದವರೆಲ್ಲ ಕಾರಿನಲ್ಲಿ ಬಂದಿದ್ದರು. ಸೈಕಲ್ಲಿನಲ್ಲಿ ಬಂದ ಒಬ್ಬನೇ ಒಬ್ಬ, ಅದನ್ನು ನಿಲ್ಲಿಸಲು ಜಾಗ ಸಿಗದೆ ಕಾಂಪೌಂಡಿಗೆ ಮೂರು ಸುತ್ತು ಹಾಕಿ, ಕೊನೆಗೆ ಎರಡು ಕಾರುಗಳ ಸಂದಿಯಲ್ಲಿ ತುರುಕಿ ಒಳಗೆ ಬರುವಾಗ ಸ್ವಾಗತ ಭಾಷಣ ಮುಗಿದಿತ್ತು. ಮಾದರಿಗೊಂದು ಬೇಕಿತ್ತೆಂದು ಅವನ ಹೆಲ್ಮೆಟ್ಟನ್ನು ಈಸಿಕೊಂಡು ಮೇಜಿನ ಮೇಲಿಟ್ಟರು. ಅವನಿಗೆ ಕುರ್ಚಿ ಇರಲಿಲ್ಲ, ಗೋಡೆಗೊರಗಿ ನಿಂತ. ಮುಂದಿನ ಎರಡು ಗಂಟೆ ಎಲ್ಲರೂ ಮಾತನಾಡಿದ್ದು ಅವನ ತಲೆಯ ಬಗ್ಗೆಯೇ. ಅವನನ್ನು ಮಾತ್ರ ಯಾರೂ ಏನನ್ನೂ ಕೇಳಲಿಲ್ಲ.

ಕಡ್ಡಾಯ ಪಕ್ಷದವರು ಮೊದಲು ಎದ್ದರು. ಹೆಲ್ಮೆಟ್ ಧರಿಸಿದರೆ ತಲೆಗೆ ಗಾಯವಾಗುವ ಅಪಾಯ ಶೇ 85ರಷ್ಟು ಕಡಿಮೆ ಎಂದು ಅಮೆರಿಕದ ಸಿಯಾಟಲ್ ನಗರದ 1989ರ ಅಧ್ಯಯನವನ್ನು ಮುಂದಿಟ್ಟರು. ಆಮೇಲಿನ ಲೆಕ್ಕಗಳಲ್ಲಿ ಆ ಅಂಕಿ ಸಾಕಷ್ಟು ಇಳಿದಿದೆ. ಭಾಷಣಗಳಲ್ಲಿ ಮಾತ್ರ ಇಳಿದಿಲ್ಲ. ನಂತರ ಆಸ್ಟ್ರೇಲಿಯಾದ ವಿಕ್ಟೋರಿಯಾ ಬಂತು. 1990ರಲ್ಲಿ ಅಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು, ತಲೆಪೆಟ್ಟು ಇಳಿಯಿತು ಎಂದರು ಇವರು. ಇಳಿದದ್ದು ಸೈಕಲ್ ಹೊಡೆಯುವವರ ಸಂಖ್ಯೆ, ಹತ್ತುವವರೇ ಇಲ್ಲದ ಮೇಲೆ ಬೀಳುವವರು ಯಾರು ಎಂದರು ವಿರೋಧ ಪಕ್ಷದವರು. ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಒಂದೇ ಮೂಳೆಯನ್ನು ಎರಡೂ ಕಡೆಯವರು ಕಡಿಯುತ್ತಿದ್ದಾರೆ.

ವಿರೋಧ ಪಕ್ಷದ ಬತ್ತಳಿಕೆಯಲ್ಲಿ ಡಚ್ಚರ ಬರಿತಲೆ ಇತ್ತು. ಅಷ್ಟು ಜನ ಸೈಕಲ್ ತುಳಿಯುತ್ತಾರೆ, ಹೆಲ್ಮೆಟ್ ಹಾಕುವವರು ಅಪರೂಪ, ನೋಡಿ! ನಿಜ. ಆದರೆ ನೆದರ್ಲೆಂಡ್ಸ್‌ಗೆ ಹೋಗಿ ಅವರ ತಲೆಯನ್ನಷ್ಟೇ ನೋಡಿ ಬಂದವರು, ಚಕ್ರದ ಕೆಳಗಿದ್ದ ಪ್ರತ್ಯೇಕ ದಾರಿಯನ್ನು ನೋಡಲು ಮರೆತಿದ್ದರು.

ಆಮೇಲೆ ಎದ್ದವರೊಬ್ಬರು ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ ಅವರ 2006ರ ಪ್ರಯೋಗವನ್ನು ತಂದರು. ಈ ಮನಶ್ಶಾಸ್ತ್ರಜ್ಞ ಸೈಕಲ್ಲಿಗೆ ಅಳತೆಯ ಉಪಕರಣ ಕಟ್ಟಿಕೊಂಡು, ಹಿಂದಿನಿಂದ ಬಂದು ದಾಟಿ ಹೋಗುವ ವಾಹನಗಳ ಅಂತರವನ್ನು ಅಳೆದರು. ಹೆಲ್ಮೆಟ್ ಹಾಕಿದಾಗ ವಾಹನಗಳು ಸರಾಸರಿ 8.5 ಸೆಂಟಿಮೀಟರಿನಷ್ಟು ಇನ್ನೂ ಹತ್ತಿರ ಬಂದವು. ಹೆಣ್ಣೆಂದು ಕಾಣಲು ಉದ್ದ ಕೂದಲಿನ ವಿಗ್ ಧರಿಸಿದಾಗ 14 ಸೆಂಟಿಮೀಟರ್ ದೂರ ಸರಿದವು. ಪ್ರಯೋಗದ ನಡುವೆ ಅವರಿಗೊಂದು ಬಸ್, ಒಂದು ಲಾರಿ ಗುದ್ದಿದವು. ಎರಡು ಸಲವೂ ತಲೆಯ ಮೇಲಿದ್ದದ್ದು ಹೆಲ್ಮೆಟ್ಟು, ವಿಗ್ ಅಲ್ಲ. ಅದೇ ಅಂಕಿಗಳನ್ನು 2013ರಲ್ಲಿ ಬೇರೆಯವರು ಮತ್ತೆ ಅರೆದು, ಒಂದು ಮೀಟರಿಗಿಂತ ಹತ್ತಿರದಿಂದ ನುಗ್ಗುವವರಿಗೂ ಹೆಲ್ಮೆಟ್ಟಿಗೂ ನಂಟಿಲ್ಲ ಎಂದರು. ಹಾಗಾಗಿ ವಿಗ್ ಕಡ್ಡಾಯದ ಮಸೂದೆ ಸದ್ಯಕ್ಕೆ ತಪ್ಪಿದೆ.

ನಾನು ಹೆಲ್ಮೆಟ್ ವಿರೋಧಿಯಲ್ಲ. ಒಮ್ಮೆ ಮರಳಿನ ಮೇಲೆ ಮುಂಚಕ್ರ ಜಾರಿ ಪಕ್ಕಕ್ಕೆ ಬಿದ್ದೆ. ಮನೆಗೆ ಬಂದು ಹೆಲ್ಮೆಟ್ ತಿರುಗಿಸಿ ನೋಡಿದರೆ, ಎಡಗಿವಿಯ ಮೇಲ್ಭಾಗದಲ್ಲಿ ಥರ್ಮಾಕೋಲ್ ಹೆಬ್ಬೆರಳಗಲ ಅಪ್ಪಚ್ಚಿಯಾಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅಲ್ಲಿ ನನ್ನ ಬುರುಡೆ ಇರಬೇಕಿತ್ತು. ತಾನು ನುಜ್ಜಾಗಿ ಪೆಟ್ಟನ್ನು ನುಂಗುವುದೇ ಅದರ ಕೆಲಸ. ಒಮ್ಮೆ ನುಂಗಿದರೆ ಅದರ ಆಯಸ್ಸು ಮುಗಿಯಿತು. ಆದರೆ ಆ ದಿನ ನನ್ನ ಎದುರಾಳಿ ನೆಲ. ನೆಲಕ್ಕೆ ಎಂಜಿನ್ ಇರುವುದಿಲ್ಲ. ಯುರೋಪಿನ ಇಎನ್ 1078 ಮಾನದಂಡವೂ ಹೆಲ್ಮೆಟ್ಟನ್ನು ಚಪ್ಪಟೆ ಕಬ್ಬಿಣದ ಮೇಲೆ ಬೀಳಿಸಿ ಪರೀಕ್ಷಿಸುವುದು ಸೆಕೆಂಡಿಗೆ 5.42 ಮೀಟರ್, ಅಂದರೆ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ. ಒಂದೂವರೆ ಟನ್ ಉಕ್ಕು ಅರವತ್ತರ ವೇಗದಲ್ಲಿ ಬಂದರೆ ಏನು ಮಾಡಬೇಕೆಂದು ಆ ಕಾಲು ಕಿಲೋ ಬಡಪಾಯಿಗೆ ಯಾರೂ ಕಲಿಸಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹಳೆಯ ವೈದ್ಯ. ಈಗ ರಸ್ತೆಗೆ ಜ್ವರ, ಸವಾರನಿಗೆ ಟೋಪಿ.

ರಸ್ತೆಯ ಮಾತು ಎತ್ತೋಣವೆಂದು ಕೈ ಎತ್ತಿದೆ. ‘ವಿಷಯಾಂತರ ಬೇಡ’ ಎಂದು ಅಧ್ಯಕ್ಷರು ಕೂರಿಸಿದರು.

ಕೊನೆಗೆ ಮತಕ್ಕೆ ಹಾಕಲಾಯಿತು. ಪೆಟ್ಟಿಗೆ ತರಲು ಮರೆತಿದ್ದರಿಂದ ಹೆಲ್ಮೆಟ್ಟನ್ನೇ ಅಂಗಾತ ಇಟ್ಟು, ಚೀಟಿಗಳನ್ನು ಅದರಲ್ಲೇ ಸಂಗ್ರಹಿಸಿದರು. ಗಾಳಿಕಂಡಿಗಳಿಂದ ಒಂದಷ್ಟು ಚೀಟಿಗಳು ಸೋರಿ ಮೇಜಿನಡಿ ಸೇರಿದವು. ಎಣಿಕೆ ತಾಳೆಯಾಗದೆ ನಿರ್ಣಯವನ್ನು ಮುಂದಿನ ಸಭೆಗೆ ಹಾಕಿದರು.

ಸವಾರ ತನ್ನ ಹೆಲ್ಮೆಟ್ ಬಿಡಿಸಿಕೊಂಡು ಹೊರಗೆ ಬಂದ. ಒಳಪಟ್ಟಿಗೆ ಇನ್ನೂ ಒಂದು ‘ಬೇಡ’ ಅಂಟಿಕೊಂಡಿತ್ತು. ಅಷ್ಟರಲ್ಲಿ ಹಿಂದಕ್ಕೆ ಬರುತ್ತಿದ್ದ ಅಧ್ಯಕ್ಷರ ಕಾರು ಅವನ ಸೈಕಲ್ಲನ್ನು ಕೆಡವಿ, ಮುಂಚಕ್ರವನ್ನು ಹಪ್ಪಳದಂತೆ ಮಡಚಿತು. ಕಿಟಕಿಯ ಗಾಜು ಇಳಿಯಿತು. ಅಧ್ಯಕ್ಷರು ಚಕ್ರವನ್ನೊಮ್ಮೆ, ಅವನ ಕೈಯಲ್ಲಿದ್ದುದನ್ನೊಮ್ಮೆ ನೋಡಿದರು.

‘ಸದ್ಯ, ಹೆಲ್ಮೆಟ್ ಇದೆಯಲ್ಲ’ ಎಂದರು.